ಅರ್ಧ ಚಮಚ ಎಂದರೆ ಎಷ್ಟು?

ಕೆಲವು ವರ್ಷಗಳ ಹಿಂದಿನ ಮಾತು. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ಕಡೆಯಿಂದ ಅಜ್ಜಿಯೊಬ್ಬರು ತಮ್ಮ ಮೊಮ್ಮಗನನ್ನು ಎತ್ತಿಕೊಂಡು ನನ್ನ ಬಳಿ ಬಂದಿದ್ದರು. ಮಗುವಿಗೆ ಒಂದು ವರ್ಷ ದಾಟಿತ್ತು, ತೂಕ ಸುಮಾರು 10 ಕಿಲೋ. ಸಾಧಾರಣ ನೆಗಡಿ, ಜ್ವರ. ನಾನು ಪ್ಯಾರಾಸಿಟಮಾಲ್ ದ್ರಾವಣ ಬರೆದುಕೊಟ್ಟು, 'ಅರ್ಧ ಚಮಚದಂತೆ ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಕೊಡಿ' ಎಂದು ಹೇಳಿ ಕಳಿಸಿದೆ. ಎಷ್ಟೋ ವರ್ಷಗಳಿಂದ ಸಾವಿರಾರು ತಾಯಂದಿರಿಗೆ ಹೇಳಿದ್ದ ಮಾತೇ ಅದು.

ಮೂರನೆಯ ದಿನ ಅವರು ಮತ್ತೆ ಬಂದರು. ಜ್ವರ ಇಳಿದಿತ್ತು. ಆದರೆ ಮಗು ವಾಂತಿ ಮಾಡಿಕೊಳ್ಳುತ್ತಿತ್ತು, ಹಾಲು ಕುಡಿಯುತ್ತಿರಲಿಲ್ಲ, ಮಂಕಾಗಿ ಮಲಗಿತ್ತು. ಶೀಸೆ ನೋಡಿದೆ. ಎರಡು ದಿನಕ್ಕೆ ಒಂದು ಶೀಸೆ ಪೂರ್ತಿ ಖಾಲಿಯಾಗಿತ್ತು. ಎಷ್ಟು ಕೊಟ್ಟಿರಿ ಎಂದು ಕೇಳಿದಾಗ ಅಜ್ಜಿ ನೊಂದುಕೊಂಡೇ ಹೇಳಿದರು: 'ಅರ್ಧ ಚಮಚ ಅಂತ ನೀವೇ ತಾನೆ ಹೇಳಿದ್ದು ಡಾಕ್ಟ್ರೇ? ಅರ್ಧಕ್ಕಿಂತ ಒಂದು ತೊಟ್ಟು ಹೆಚ್ಚಿಗೆ ಹಾಕಿಲ್ಲ. ಬೇಕಾದ್ರೆ ನಮ್ಮ ಸೊಸೇನ ಕೇಳಿ.'

ಮನೆಯಿಂದ ಆ ಚಮಚವನ್ನು ತರಿಸಿ ನೋಡಿದೆ. ಪಲ್ಯ, ಉಪ್ಪಿಟ್ಟು ಬಡಿಸುವ ಚಮಚ ಅದು. ಅಜ್ಜಿ ಎಷ್ಟು ಮಟ್ಟಕ್ಕೆ ಹಾಕಿದೆನೆಂದು ತೋರಿಸಿದರೋ ಅಷ್ಟು ಮಟ್ಟಕ್ಕೆ ನೀರು ಹಾಕಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಎಳೆದು ಅಳೆದೆ. ಸುಮಾರು 7.5 ಮಿ.ಲೀ. ಬಂತು. ನನ್ನ ಲೆಕ್ಕದ ಅರ್ಧ ಚಮಚ ಎಂದರೆ 2.5 ಮಿ.ಲೀ. ನಾನು ಬರೆದ ದ್ರಾವಣದಲ್ಲಿ 5 ಮಿ.ಲೀ.ಗೆ 250 ಮಿಲಿಗ್ರಾಂ ಔಷಧಿಯಿತ್ತು. ಒಂದು ಹೊತ್ತಿಗೆ 125 ಮಿಲಿಗ್ರಾಂ ಹೋಗಬೇಕಾದ ಕಡೆ 375 ಮಿಲಿಗ್ರಾಂ, ದಿನಕ್ಕೆ 500 ಮಿಲಿಗ್ರಾಂ ಹೋಗಬೇಕಾದ ಕಡೆ 1500 ಮಿಲಿಗ್ರಾಂ ಆ ಪುಟ್ಟ ಹೊಟ್ಟೆಗೆ ಹೋಗಿತ್ತು. ಅಂದರೆ ಮೂರು ಪಟ್ಟು.

ಪ್ಯಾರಾಸಿಟಮಾಲ್ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಬಹಳ ಸುರಕ್ಷಿತ ಔಷಧಿ. ಪ್ರಮಾಣ ಮೀರಿದರೆ ಅದು ಪಿತ್ತಜನಕಾಂಗಕ್ಕೆ ಪೆಟ್ಟು ಕೊಡುತ್ತದೆ. ಮಗುವನ್ನು ತಕ್ಷಣ ದೊಡ್ಡಾಸ್ಪತ್ರೆಗೆ ಕಳಿಸಿದೆವು. ರಕ್ತ ಪರೀಕ್ಷೆಯಾಯಿತು, ಚಿಕಿತ್ಸೆಯಾಯಿತು, ಮಗು ಉಳಿಯಿತು. ಆದರೆ ಅಂದಿನಿಂದ ನನ್ನ ಬಾಯಲ್ಲಿ 'ಚಮಚ' ಎಂಬ ಮಾತು ಬರುವುದಿಲ್ಲ. ಅಜ್ಜಿ ನಾನು ಹೇಳಿದಂತೆಯೇ ನಡೆದಿದ್ದರು. ತಪ್ಪು ನಾನು ಬಳಸಿದ ಶಬ್ದದಲ್ಲಿತ್ತು.

ಯಾರ ಮನೆಯ ಚಮಚ?

ಈ ಶಬ್ದವನ್ನು ಸ್ವಲ್ಪ ಬಿಡಿಸಿ ನೋಡೋಣ. ಸಂಸ್ಕೃತದಲ್ಲಿ 'ಚಮಸ' ಎಂದರೆ ಯಜ್ಞದಲ್ಲಿ ಸೋಮರಸಕ್ಕೆ ಬಳಸುತ್ತಿದ್ದ ಮರದ ಪಾತ್ರೆ. ಚಮಚ ಅದರಿಂದಲೇ ಬಂತೆನ್ನುವವರಿದ್ದಾರೆ, ಫಾರ್ಸಿಯ ಕಡೆಯಿಂದ ಬಂತೆನ್ನುವವರೂ ಇದ್ದಾರೆ. ಹೇಗೇ ಬಂದಿರಲಿ, ಇಂದು ಅದು ನಮ್ಮ ಮನೆಮಾತು. ಕೆಲವರು ಚಮಚೆ ಎನ್ನುತ್ತಾರೆ, ಕೆಲವರು ಸ್ಪೂನು ಎನ್ನುತ್ತಾರೆ. ದೊಡ್ಡವರ ಹಿಂದೆ ಸುತ್ತುವವನನ್ನೂ ಚಮಚ ಎಂದು ಕರೆದು, ಅವನ ಕೆಲಸಕ್ಕೆ ಚಮಚಾಗಿರಿ ಎಂದು ಹೆಸರಿಟ್ಟಿದ್ದೇವೆ. ಯಾರ ಕೈಯಲ್ಲಿದ್ದರೆ ಅವರು ಹೇಳಿದಂತೆ ಕೇಳುವ ವಸ್ತು ಎಂಬುದೇ ಅದರ ಅರ್ಥ. ಔಷಧಿಯ ವಿಷಯದಲ್ಲಿಯೂ ಚಮಚದ ಗುಣ ಅದೇ. ಯಾರ ಮನೆಯಲ್ಲಿದೆಯೋ ಆ ಮನೆಯ ಅಳತೆಯನ್ನು ಅದು ಹೇಳುತ್ತದೆ.

ವೈದ್ಯರು ಹೇಳುವ ಚಮಚ ಮಾತ್ರ ನಮ್ಮ ಅಡಿಗೆಮನೆಯದಲ್ಲ, ಇಂಗ್ಲಿಷರ ಚಹಾ ಮೇಜಿನದು. ಬಟ್ಟಲಿನ ಚಹಾಕ್ಕೆ ಸಕ್ಕರೆ ಹಾಕಿ ಕಲಕುವ ಪುಟ್ಟ ಚಮಚವೇ ಟೀ ಚಮಚ. ವೈದ್ಯರ ಲೆಕ್ಕದಲ್ಲಿ ಅದು 5 ಮಿ.ಲೀ. ಅದಕ್ಕಿಂತ ದೊಡ್ಡದು ಟೇಬಲ್ ಚಮಚ, 15 ಮಿ.ಲೀ. ಆಸ್ಟ್ರೇಲಿಯಾದಲ್ಲಿ ಇದೇ ಟೇಬಲ್ ಚಮಚಕ್ಕೆ 20 ಮಿ.ಲೀ. ಲೆಕ್ಕ. ಒಂದೇ ಹೆಸರಿನ ಅಳತೆ ದೇಶದಿಂದ ದೇಶಕ್ಕೆ ಬದಲಾಗುತ್ತದೆ ಎಂದ ಮೇಲೆ ಮನೆಯಿಂದ ಮನೆಗೆ ಬದಲಾಗುವುದರಲ್ಲಿ ಆಶ್ಚರ್ಯವೇನು? ಚೀಟಿಯಲ್ಲಿ ಬರೆಯುವಾಗ ಟಿಎಸ್‌ಪಿ ಎಂದರೆ ಟೀ ಚಮಚ, ಟಿಬಿಎಸ್‌ಪಿ ಎಂದರೆ ಟೇಬಲ್ ಚಮಚ. ಅವಸರದ ಬರವಣಿಗೆಯಲ್ಲಿ ಒಂದಕ್ಷರ ಹೆಚ್ಚಾದರೆ ಔಷಧಿ ಮೂರು ಪಟ್ಟಾಗುತ್ತದೆ.

ಅಕ್ಕೂರಿನ ಕಡೆಯ ಒಂದು ಅಡಿಗೆಮನೆಗೆ ಹೋಗಿ ನೋಡಿ. ರಾಗಿಮುದ್ದೆ ತೊಳಸಲು ಕೋಲಿದೆ. ಬಸ್ಸಾರು, ಉಪ್ಸಾರು ಬಡಿಸಲು ಸೌಟಿದೆ. ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ ನುಂಗುವುದಕ್ಕೆ ಕೈಯಿದೆ. ಕಾಫಿ, ಟೀಯ ಸಕ್ಕರೆ ಕರಗಿಸುವುದಕ್ಕೆ ಒಂದು ಲೋಟದಿಂದ ಇನ್ನೊಂದು ಲೋಟಕ್ಕೆ ಎತ್ತಿ ಹುಯ್ಯುವ ಅಭ್ಯಾಸವಿದೆ. ಇಂಥ ಮನೆಯಲ್ಲಿ ಚಮಚ ಊಟದ ಸಾಧನವಲ್ಲ, ಬಡಿಸುವ ಸಾಧನ. ಆದ್ದರಿಂದ ಅದು ದೊಡ್ಡದಾಗಿಯೇ ಇರುತ್ತದೆ. ಚಿಕ್ಕದೊಂದು ಇದ್ದರೆ ಅದು ಉಪ್ಪಿನಕಾಯಿ ಜಾಡಿಯಲ್ಲೋ ಸಾರಿನ ಪುಡಿಯ ಡಬ್ಬಿಯಲ್ಲೋ ಇರುತ್ತದೆ. ವೈದ್ಯರು ಚಮಚ ಎಂದಾಗ ಅಜ್ಜಿಯ ಕಣ್ಣಮುಂದೆ ಬರುವುದು ಚಹಾ ಮೇಜಲ್ಲ, ತಮ್ಮ ಗೂಡಿನಲ್ಲಿರುವ ಆ ಒಂದೇ ಚಮಚ.

ಪೇಟೆಯ ಮನೆಗಳು ಇದಕ್ಕಿಂತ ಮೇಲೆಂದು ತಿಳಿಯಬೇಡಿ. ಗ್ರೀಸ್ ದೇಶದಲ್ಲಿ ಸಂಶೋಧಕರು 25 ಮನೆಗಳಿಂದ ಚಮಚಗಳನ್ನು ಸಂಗ್ರಹಿಸಿ ಅಳೆದು, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. 71 ಟೀ ಚಮಚಗಳಲ್ಲಿ ಅತಿ ಚಿಕ್ಕದು ಹಿಡಿದದ್ದು 2.5 ಮಿ.ಲೀ., ಅತಿ ದೊಡ್ಡದು 7.3 ಮಿ.ಲೀ. ಟೇಬಲ್ ಚಮಚಗಳು 6.7ರಿಂದ 13.4 ಮಿ.ಲೀ.ವರೆಗೆ ಇದ್ದವು. ಒಂದೇ ಚೀಟಿ ಹಿಡಿದು ಹೋದ ಇಬ್ಬರು ತಾಯಂದಿರಲ್ಲಿ ಒಬ್ಬಳು ಕೊಡಬೇಕಾದುದರ ಅರ್ಧ ಕೊಡಬಹುದು, ಇನ್ನೊಬ್ಬಳು ಒಂದೂವರೆ ಪಟ್ಟು ಕೊಡಬಹುದು. ಚಮಚದ ಮೇಜಿನಲ್ಲಿಯೇ ಹುಟ್ಟಿ ಬೆಳೆದವರ ಪಾಡು ಇದು.

'ಅರ್ಧ ಚಮಚ' ಎನ್ನುವುದು ಇನ್ನೂ ಕಷ್ಟದ ಲೆಕ್ಕ. ಚಮಚದ ತಳ ಗುಂಡಗಿರುತ್ತದೆ. ಅರ್ಧಗೋಲದ ಆಕಾರದ ಬಟ್ಟಲನ್ನು ಅರ್ಧ ಆಳದವರೆಗೆ ತುಂಬಿದರೆ ಅದು ಹಿಡಿಯುವುದು ಪೂರ್ತಿಯ ಅರ್ಧವಲ್ಲ, ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಸರಿಯಾದ ಟೀ ಚಮಚವೇ ಸಿಕ್ಕಿದರೂ ಕಣ್ಣಳತೆಯ ಅರ್ಧದಲ್ಲಿ ಔಷಧಿ ಸಾಲದೆ ಹೋಗುತ್ತದೆ. ಜೀವಿರೋಧಕ ಔಷಧಿ ಹೀಗೆ ಕಡಿಮೆ ಬಿದ್ದರೆ ಸೋಂಕು ಪೂರ್ತಿ ಹೋಗುವುದಿಲ್ಲ, ರೋಗಾಣುಗಳು ಆ ಔಷಧಿಗೆ ಒಗ್ಗಿಕೊಳ್ಳುವುದಕ್ಕೂ ಅವಕಾಶವಾಗುತ್ತದೆ. ಹೆಚ್ಚಾದರೆ ಒಂದು ಅಪಾಯ, ಕಡಿಮೆಯಾದರೆ ಇನ್ನೊಂದು.

ಕಾಂಪೌಂಡರ್ ಅಂಟಿಸುತ್ತಿದ್ದ ಕಾಗದ

ನಮ್ಮ ಹಿರಿಯರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ಆಸ್ಪತ್ರೆಗೆ ಮನೆಯಿಂದಲೇ ಶೀಸೆ ಒಯ್ಯುತ್ತಿದ್ದ ಕಾಲವನ್ನು ವಯಸ್ಸಾದ ಓದುಗರು ನೆನಪು ಮಾಡಿಕೊಳ್ಳಬಹುದು. ಕಾಂಪೌಂಡರ್ ಅದಕ್ಕೆ ಮಿಕ್ಸ್ಚರ್ ತುಂಬಿ, ಬಿಳಿ ಕಾಗದದ ಪಟ್ಟಿಯೊಂದನ್ನು ಮಡಿಸಿ, ಅಂಚಿನಲ್ಲಿ ಕತ್ತರಿಯಿಂದ ಕಚ್ಚು ಮಾಡಿ ಶೀಸೆಯ ಮೇಲೆ ಉದ್ದಕ್ಕೆ ಅಂಟಿಸುತ್ತಿದ್ದರು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಹೊತ್ತಿನ ಔಷಧಿ. ಅಕ್ಷರ ಬಾರದವರೂ ತಪ್ಪು ಮಾಡುವಂತಿರಲಿಲ್ಲ. ಅಳತೆ ಶೀಸೆಯ ಮೇಲೆಯೇ ಇತ್ತು, ಮನೆಯ ಚಮಚಕ್ಕೆ ಅಲ್ಲಿ ಕೆಲಸವಿರಲಿಲ್ಲ. ಶೀಸೆಗಳು ಕಾರ್ಖಾನೆಯಿಂದ ಬರತೊಡಗಿದ ಮೇಲೆ ಆ ಕಾಗದ ಹೋಯಿತು, ಚಮಚ ಉಳಿಯಿತು.

'ಮಿಲಿಲೀಟರ್ ಎಂದರೆ ಹಳ್ಳಿಯವರಿಗೆ ತಿಳಿಯುವುದಿಲ್ಲ, ಚಮಚ ಎಂದರೆ ತಿಳಿಯುತ್ತದೆ' ಎಂದು ನನ್ನ ಕೆಲವು ವೈದ್ಯಮಿತ್ರರು ವಾದಿಸುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಹಳ್ಳಿಯ ಹೆಂಗಸರು ಬೆಳಗಿನ ಜಾವ ಡೈರಿಗೆ ಹಾಲು ಹಾಕಿ ಬರುವಾಗ ಎಷ್ಟು ಲೀಟರ್, ಎಷ್ಟು ಮಿ.ಲೀ., ಫ್ಯಾಟ್ ಎಷ್ಟು ಎಂಬುದನ್ನು ಕಾರ್ಡಿನಲ್ಲಿ ನೋಡಿಯೇ ಬರುತ್ತಾರೆ. ರೇಷ್ಮೆ ಮನೆ ತೊಳೆಯಲು ಬ್ಲೀಚಿಂಗ್ ಪುಡಿ ಎಷ್ಟು ಗ್ರಾಂ, ನೀರು ಎಷ್ಟು ಲೀಟರ್ ಎಂಬುದು ಅವರಿಗೆ ಬಾಯಿಪಾಠ. ಮಾವಿನ ತೋಪಿಗೆ ಔಷಧಿ ಹೊಡೆಯುವ ರೈತ ಒಂದು ಕ್ಯಾನಿಗೆ ಎಷ್ಟು ಮಿ.ಲೀ. ಎಂದು ಅಂಗಡಿಯಲ್ಲಿ ಕೇಳಿ ತಿಳಿದುಕೊಂಡೇ ಹೊರಡುತ್ತಾನೆ. ಇನ್ನು ಕ್ವಾರ್ಟರ್ ಎಂದರೆ 180 ಮಿ.ಲೀ. ಎಂಬುದನ್ನು ನಮ್ಮ ಗಂಡಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ! ಹಸುವಿಗೆ, ಹುಳುವಿಗೆ, ಗಿಡಕ್ಕೆ ಇರುವ ಅಳತೆ ಮಗುವಿಗೆ ಮಾತ್ರ ಯಾಕಿಲ್ಲ? ಜನರಿಗೆ ತಿಳಿಯುವುದಿಲ್ಲ ಎಂಬುದು ಕಾರಣವಲ್ಲ. ತಿಳಿಸುವಷ್ಟು ಹೊತ್ತು ನಾವು ಕೊಡುವುದಿಲ್ಲ, ಅಷ್ಟೆ.

ಅಮೆರಿಕದ ಮಕ್ಕಳ ವೈದ್ಯರ ಸಂಘ 2015ರಲ್ಲಿಯೇ ಈ ವಿಷಯದಲ್ಲಿ ಖಚಿತ ನಿಲುವು ತೆಗೆದುಕೊಂಡಿತು. ಮಕ್ಕಳ ದ್ರವ ಔಷಧಿಗಳನ್ನು ಮಿ.ಲೀ.ನಲ್ಲಿಯೇ ಬರೆಯಬೇಕು, ಚಮಚದ ಲೆಕ್ಕವನ್ನು ಬಿಡಬೇಕು ಎಂದು ಅದು ಹೇಳಿತು. ಅದಕ್ಕೆ ಒಂದು ವರ್ಷ ಮೊದಲು ಅಲ್ಲಿ ನಡೆದ ಅಧ್ಯಯನವೊಂದರಲ್ಲಿ, ಚಮಚದ ಲೆಕ್ಕದಲ್ಲಿ ಔಷಧಿ ಕೊಡುವ ತಂದೆತಾಯಿಗಳು ಮಿ.ಲೀ. ಲೆಕ್ಕದವರಿಗಿಂತ ತಪ್ಪು ಮಾಡುವ ಸಂಭವ ಸುಮಾರು ಎರಡರಷ್ಟು ಎಂದು ಕಂಡುಬಂದಿತ್ತು.

ಉಪ್ಪು ಸಕ್ಕರೆ ನೀರಿನ ಪಾಠ

ಭೇದಿಯಾದಾಗ ಕೊಡುವ ಉಪ್ಪು ಸಕ್ಕರೆ ನೀರಿನ ಕಥೆಯೂ ಚಮಚದ ಕಥೆಯೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹರಡಿ, ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಅವರು ಬನಗಾಂವ್‌ನಲ್ಲಿ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿಯೇ ಅಸಂಖ್ಯ ಜೀವಗಳನ್ನು ಉಳಿಸಿದರು. ಮುಂದೆ ಈ ಚಿಕಿತ್ಸೆಯನ್ನು ಮನೆಮನೆಗೆ ಮುಟ್ಟಿಸುವಾಗ ಎದುರಾದ ದೊಡ್ಡ ತೊಡಕು ಅಳತೆಯದು. ಉಪ್ಪು ಕಡಿಮೆಯಾದರೆ ಉಪಯೋಗವಿಲ್ಲ, ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಬರಬಹುದು.

ಬಾಂಗ್ಲಾದೇಶದ ಬ್ರಾಕ್ ಸಂಸ್ಥೆ 1980ರಿಂದ 1990ರವರೆಗೆ ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಹೋಗಿ ತಾಯಂದಿರಿಗೆ ಇದನ್ನು ಕಲಿಸಿತು. ಆ ಮನೆಗಳಲ್ಲಿಯೂ ಊಟ ಕೈಯಲ್ಲಿಯೇ. ಅವರು ಚಮಚದ ಗೋಜಿಗೆ ಹೋಗಲಿಲ್ಲ. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ಹೇಳಿಕೊಟ್ಟರು. ಹೇಳಿ ಸುಮ್ಮನಾಗಲೂ ಇಲ್ಲ, ಎದುರಿಗೇ ಮಾಡಿಸಿ ನೋಡಿದರು. ಬ್ರಿಟನ್ನಿನ ಮಕ್ಕಳ ವೈದ್ಯ ಡೇವಿಡ್ ಮಾರ್ಲೆ ಇನ್ನೊಂದು ದಾರಿ ಹಿಡಿದರು. ಒಂದು ತುದಿ ಉಪ್ಪಿಗೆ, ಇನ್ನೊಂದು ತುದಿ ಸಕ್ಕರೆಗೆ ಎಂದು ಅಳತೆ ಮಾಡಿದ ಎರಡು ತುದಿಯ ಪ್ಲಾಸ್ಟಿಕ್ ಚಮಚವನ್ನೇ ಬಳಕೆಗೆ ತಂದರು. ಜನರ ಕೈಗೆ ತಕ್ಕ ಅಳತೆಯನ್ನಾದರೂ ಕಲಿಸಬೇಕು, ಇಲ್ಲವೇ ಅಳತೆಯ ಸಾಧನವನ್ನೇ ಕೈಗೆ ಕೊಡಬೇಕು. ಇವೆರಡನ್ನೂ ಮಾಡದೆ 'ಒಂದು ಚಮಚ' ಎಂದುಬಿಡುವುದು ವೈದ್ಯವಲ್ಲ.

ಇಂದು ಓ.ಆರ್.ಎಸ್. ಪೊಟ್ಟಣ ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಸಿಗುತ್ತದೆ. ಅದೇ ಉತ್ತಮ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ 20.5 ಗ್ರಾಂ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಪೊಟ್ಟಣದಿಂದ ಚಮಚದಲ್ಲಿ ಚೂರು ಚೂರು ತೆಗೆದು ಲೋಟಕ್ಕೆ ಹಾಕಬಾರದು. ಚಿಕ್ಕ ಪೊಟ್ಟಣಗಳೂ ಇರುವುದರಿಂದ ಎಷ್ಟು ನೀರಿಗೆ ಎಂಬುದನ್ನು ಅದರ ಮೇಲೆ ಓದಿಕೊಳ್ಳಿ. ಪೊಟ್ಟಣ ಸಿಗದೇ ಹೋದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಅಳತೆಯ ಚಮಚದಲ್ಲಿ ಅಂಚು ಸವರಿದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗೋಪುರ ಕಟ್ಟಿದ ಚಮಚ ಬೇಡ. ಕಲಸಿದ ನೀರನ್ನು ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಬೇರೆ ಮಾಡಿ.

ದಿನದ ಉಪ್ಪಿಗೂ ಈ ಮಾತು ಅನ್ವಯಿಸುತ್ತದೆ. ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದನ್ನು 'ಒಂದು ಚಮಚ' ಎಂದು ಬರೆಯುವುದು ವಾಡಿಕೆ. ಆದರೆ ಯಾವ ಚಮಚ, ಪುಡಿಯುಪ್ಪೋ ಕಲ್ಲುಪ್ಪೋ, ಸವರಿದ್ದೋ ತುಂಬಿದ್ದೋ? ಅದರ ಬದಲು ಪೊಟ್ಟಣವನ್ನು ಲೆಕ್ಕ ಹಾಕಿ. ನಾಲ್ಕು ಜನ ದೊಡ್ಡವರಿರುವ ಮನೆಗೆ ಒಂದು ಕಿಲೋ ಉಪ್ಪು ಕಡಿಮೆಯೆಂದರೂ 50 ದಿನ ಬರಬೇಕು. ಹೊರಗಿನಿಂದ ತರುವ ಉಪ್ಪಿನಕಾಯಿ, ಹಪ್ಪಳ, ಕುರುಕಲಿನ ಉಪ್ಪು ಇದರಲ್ಲಿ ಸೇರಿಲ್ಲ. ನಿಮ್ಮ ಮನೆಯಲ್ಲಿ ತಿಂಗಳೊಳಗೇ ಮುಗಿಯುತ್ತಿದ್ದರೆ ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು.

ಹಾಗೆಂದು ಚಮಚವನ್ನು ನಾನು ಹಳಿಯುತ್ತಿಲ್ಲ. ತಾಯಿಯ ಎದೆಯಿಂದ ಹಾಲು ಎಳೆಯಲಾರದ ಕೂಸಿಗೆ, ಹಿಂಡಿ ತೆಗೆದ ತಾಯಿಹಾಲನ್ನು ಕುಡಿಸಲು ಚಮಚವಾಗಲಿ ನಮ್ಮ ಹಳೆಯ ಒಳಲೆಯಾಗಲಿ ಹಾಲಿನ ಬಾಟಲಿಗಿಂತ ಎಷ್ಟೋ ಮೇಲು. ತೊಳೆಯುವುದು ಸುಲಭ, ಮೂಲೆಯಲ್ಲಿ ಕೊಳೆ ನಿಲ್ಲುವುದಿಲ್ಲ. ಹಾಲಿನ ಬಾಟಲಿಗಳ ಪ್ರಚಾರವನ್ನು ನಮ್ಮ ದೇಶದಲ್ಲಿ 1992ರ ಕಾನೂನೇ ನಿಷೇಧಿಸಿದೆ. ಕುಡಿಸಲು ಚಮಚ ಒಳ್ಳೆಯದು. ಅಳೆಯಲು ಮಾತ್ರ ಅದು ಬೇಡ.

ಮನೆಯವರು ಮಾಡಬೇಕಾದ್ದು

ವೈದ್ಯರಲ್ಲಿಗೆ ಹೋದಾಗ 'ಎಷ್ಟು ಮಿ.ಲೀ.?' ಎಂದು ಕೇಳಿ. ಸಂಕೋಚ ಬೇಡ. ಚೀಟಿಯಲ್ಲಿ ಚಮಚ ಎಂದಿದ್ದರೆ ಮಿ.ಲೀ.ನಲ್ಲಿ ಬರೆಸಿಕೊಳ್ಳಿ. ಮಕ್ಕಳಿಗೆ ಔಷಧಿಯ ಲೆಕ್ಕ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಆದ್ದರಿಂದ ಅಣ್ಣನಿಗೆ ತಂದ ಔಷಧಿಯನ್ನು ತಮ್ಮನಿಗೆ ಅಂದಾಜಿನಲ್ಲಿ ಹಾಕಬೇಡಿ.

ಶೀಸೆಯ ಮೇಲಿನ ಅಂಕಿ ಓದಿ. ಪ್ಯಾರಾಸಿಟಮಾಲ್ ಒಂದೇ ಹೆಸರಿನಲ್ಲಿ 5 ಮಿ.ಲೀ.ಗೆ 120, 125, 250 ಮಿಲಿಗ್ರಾಂ ಎಂದು ಬೇರೆ ಬೇರೆ ಬಲದಲ್ಲಿ ಬರುತ್ತದೆ. ಕೂಸುಗಳಿಗೆ ಕೊಡುವ ಹನಿಔಷಧಿಯಲ್ಲಿ 1 ಮಿ.ಲೀ.ಗೇ 100 ಮಿಲಿಗ್ರಾಂ ಇರುವುದುಂಟು. ಅದನ್ನು ಸಿರಪ್ ಎಂದು ತಿಳಿದು 5 ಮಿ.ಲೀ. ಹಾಕಿದರೆ ದೊಡ್ಡವರ ಒಂದು ಮಾತ್ರೆಯಷ್ಟು, ಅಂದರೆ 500 ಮಿಲಿಗ್ರಾಂ, ಕೂಸಿನ ಹೊಟ್ಟೆಗೆ ಹೋಗುತ್ತದೆ.

ಶೀಸೆಯ ಜೊತೆ ಬರುವ ಪ್ಲಾಸ್ಟಿಕ್ ಬಟ್ಟಲನ್ನು ಮಗುವಿನ ಆಟಕ್ಕೆ ಕೊಡಬೇಡಿ. ಅದರ ಗೆರೆಗಳು ಕಾಣದಷ್ಟು ಸಣ್ಣಗಿದ್ದರೆ ಬೇಕಾದ ಗೆರೆಯ ಮೇಲೆ ಹೊರಗಿನಿಂದ ಉಗುರು ಬಣ್ಣದಲ್ಲಿ ಗುರುತು ಹಾಕಿ. ಮಟ್ಟವಾದ ಜಾಗದಲ್ಲಿಟ್ಟು ಕಣ್ಣಿನ ಎತ್ತರಕ್ಕೆ ನೋಡಿ ಅಳೆಯಿರಿ. 5 ಮಿ.ಲೀ.ಗಿಂತ ಕಡಿಮೆ ಕೊಡಬೇಕಾದಾಗ ಸೂಜಿಯಿಲ್ಲದ ಹೊಸ ಸಿರಿಂಜೇ ಒಳ್ಳೆಯದು. ಔಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ಮಗುವಿನ ಕೆನ್ನೆಯ ಒಳಬದಿಗೆ ನಿಧಾನವಾಗಿ ಬಿಡಿ, ಗಂಟಲಿಗೆ ಜೋರಾಗಿ ಚಿಮ್ಮಿಸಬೇಡಿ. ಗಿಡದ ಔಷಧಿ ಅಳೆದ ಮುಚ್ಚಳವನ್ನಾಗಲಿ ಸಿರಿಂಜನ್ನಾಗಲಿ ಎಷ್ಟು ತೊಳೆದರೂ ಇದಕ್ಕೆ ಬಳಸಲೇಬಾರದು.

ತಳದಲ್ಲಿ ಗಸಿ ಕೂರುವ ಔಷಧಿಯನ್ನು ಪ್ರತಿ ಸಲವೂ ಚೆನ್ನಾಗಿ ಅಲುಗಾಡಿಸಿ. ಇಲ್ಲವಾದರೆ ಮೊದಲ ದಿನ ಬರೀ ನೀರು, ಕೊನೆಯ ದಿನ ಬರೀ ಔಷಧಿ ಎಂದಾಗುತ್ತದೆ. ಔಷಧಿ ಹೆಚ್ಚಾಯಿತೆಂದು ತಿಳಿದರೆ ಲಕ್ಷಣ ಕಾಣುವವರೆಗೆ ಕಾಯದೆ, ಶೀಸೆ ಮತ್ತು ಚಮಚ ಎರಡನ್ನೂ ಹಿಡಿದು ಆಸ್ಪತ್ರೆಗೆ ಓಡಿ. ಪ್ಯಾರಾಸಿಟಮಾಲ್‌ಗೆ ಪ್ರತಿ ಔಷಧಿಯಿದೆ. ಮೊದಲ ಎಂಟು ಗಂಟೆಯೊಳಗೆ ಕೊಟ್ಟರೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಮೊದಲ ದಿನ ಮಗು ಆಡಿಕೊಂಡಿದೆ ಎಂದು ಮೋಸಹೋಗಬೇಡಿ.

ವೈದ್ಯರಿಗೂ ಅಂಗಡಿಯವರಿಗೂ ನನ್ನದೊಂದು ಬಿನ್ನಹ. ಚೀಟಿಯಲ್ಲಿ ಚಮಚದ ಬದಲು ಮಿ.ಲೀ. ಎಂದು ಬರೆಯಿರಿ. ಔಷಧಿ ಕೊಡುವಾಗ ಅಳತೆ ಬಟ್ಟಲಿನ ಮೇಲೆ ಪೆನ್ನಿನಿಂದ ಒಂದು ಗೆರೆ ಎಳೆದುಕೊಡಿ. ಕಾಂಪೌಂಡರ್ ಅಂಟಿಸುತ್ತಿದ್ದ ಕಾಗದದ ಕೆಲಸವನ್ನು ಆ ಗೆರೆ ಮಾಡುತ್ತದೆ. ಅರ್ಧ ನಿಮಿಷದ ಕೆಲಸ.

ಓದುಗರಿಗೆ ಇವತ್ತೇ ಮಾಡಬಹುದಾದ ಒಂದು ಪರೀಕ್ಷೆ. 5 ಮಿ.ಲೀ. ಸಿರಿಂಜೊಂದನ್ನು ತಂದು, ಮನೆಯಲ್ಲಿರುವ ಚಮಚಗಳನ್ನೆಲ್ಲ ಸಾಲಾಗಿಟ್ಟು, ಯಾವುದು ಎಷ್ಟು ನೀರು ಹಿಡಿಯುತ್ತದೆಂದು ಮಕ್ಕಳಿಂದಲೇ ಅಳೆಯಿಸಿ. ಚಮಚದ ಮಾತು ಎಷ್ಟು ನಂಬಿಕೆಗೆ ಅರ್ಹ ಎಂಬುದು ನಿಮಗೇ ತಿಳಿಯುತ್ತದೆ.

ಆ ಅಜ್ಜಿ ಆಮೇಲೂ ಬರುತ್ತಿದ್ದರು. ಚೀಟಿ ಬರೆದು ಮುಗಿಸುವ ಮೊದಲೇ ಸೆರಗಿನ ಗಂಟು ಬಿಚ್ಚಿ ಪುಟ್ಟ ಅಳತೆ ಬಟ್ಟಲನ್ನು ಮೇಜಿನ ಮೇಲಿಟ್ಟು ಕೇಳುತ್ತಿದ್ದರು: 'ಎಲ್ಲೀಗಂಟ ಅಂತ ಗೆರೆ ಹಾಕ್ಕೊಡಿ ಡಾಕ್ಟ್ರೇ.' ಪ್ರತಿಯೊಬ್ಬ ತಾಯಿಯೂ ಪ್ರತಿಯೊಬ್ಬ ವೈದ್ಯನನ್ನು ಹೀಗೆಯೇ ಕೇಳಬೇಕು.